ಮೊದಲ ಬೆಂಚೂ ನಮ್ಮದೇ, ಕೊನೆಯ ಬೆಂಚೂ ನಮ್ಮದೇ

ಜೂನ್ ಬಂತೆಂದರೆ ಡಿಗ್ರಿ ಅಡ್ಮಿಷನ್ನಿನ ಓಡಾಟ. ಹಳ್ಳಿಯ ಮನೆಗಳಲ್ಲಿ ಅಪ್ಪಂದಿರು ಈಗಲೂ ಕೇಳುವ ಮೊದಲ ಪ್ರಶ್ನೆ: ‘ಅದು ಹುಡುಗೀರ ಕಾಲೇಜಾ?’ ಹೆದರಿಕೆಯಿಂದ ಎದ್ದ ಆ ಕಾಂಪೌಂಡಿನ ಒಳಗೆ ಹೆಣ್ಣುಮಕ್ಕಳು ಶತಮಾನಕ್ಕೂ ಮಿಕ್ಕಿ ಕಟ್ಟಿಕೊಂಡ ಬದುಕು ಮಾತ್ರ ಬೇರೆಯದೇ.

ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ನಂಜನಗೂಡಿನ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಬಾಗಿಲ ತುಂಬ ಹುಡುಗಿಯರು. ಅದರ ಹಿಂದೆ ಟಿ. ನರಸೀಪುರದ ಬಸ್ಸು, ಆಮೇಲೆ ಎಚ್.ಡಿ. ಕೋಟೆಯದು. ಬೆನ್ನಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ಕೆಲವರ ಜಡೆಯಲ್ಲಿ ಹಿತ್ತಲಿನ ಕನಕಾಂಬರ. ಇಳಿದವರೇ ರಸ್ತೆ ದಾಟಿ, ಮಾತು ನಿಲ್ಲಿಸದೆ ನಡೆಯುತ್ತಾರೆ.

ಜೂನ್ ತಿಂಗಳಲ್ಲಿ ಈ ಗುಂಪಿನ ನಡುವೆ ಅಪ್ಪ-ಮಗಳ ಜೋಡಿಗಳೂ ಇಳಿಯುತ್ತವೆ. ಅಪ್ಪನ ಹೆಗಲಲ್ಲಿ ಟವಲ್ಲು. ಮಗಳು ಎದೆಗವಚಿಕೊಂಡ ಫೈಲಿನಲ್ಲಿ ಪಿಯುಸಿ ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ-ಆದಾಯದ ಸರ್ಟಿಫಿಕೇಟು, ಆಧಾರಿನ ಜೆರಾಕ್ಸು. ಜೆ.ಎಲ್.ಬಿ. ರಸ್ತೆಯ ಮಹಾರಾಣಿ ಕಾಲೇಜಿನ ಗೇಟಿನ ಬಳಿ ಬಂದಾಗ ಮಗಳು ಒಳಗಿನ ಸಾಲಿಗೆ ಓಡುತ್ತಾಳೆ. ಅಪ್ಪ ವಾಚ್‌ಮನ್ ಹತ್ತಿರ ನಿಲ್ಲುತ್ತಾನೆ. ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಹೊರಗಿನವರನ್ನು ಒಳಗೆ ಬಿಡುತ್ತಾರಾ, ಹಾಸ್ಟೆಲ್ ಎಷ್ಟು ದೂರ ಎಂದೆಲ್ಲ ಕೇಳುತ್ತಾನೆ. ಯಾವ ಕಾಂಬಿನೇಷನ್ ಒಳ್ಳೆಯದು ಎಂಬುದು ಆ ಪಟ್ಟಿಯ ಕೊನೆಯಲ್ಲಿ ಬರುತ್ತದೆ.

ಆ ಅಪ್ಪನನ್ನು ಹಳೆಯ ಕಾಲದವನು ಎಂದು ತಳ್ಳಿಹಾಕುವುದು ಸುಲಭ. ಆದರೆ ಅವನು ಮಗಳನ್ನು ಕರೆದುಕೊಂಡು ಬಂದಿದ್ದಾನೆ. ಆ ಊರಿನಲ್ಲಿ ಪಿಯುಸಿಗೇ ಓದು ನಿಂತ ಹುಡುಗಿಯರು ಇನ್ನೂ ಇದ್ದಾರೆ. ಹುಡುಗಿಯರ ಕಾಲೇಜು ಎಂಬ ಒಂದು ಮಾತು ಅವನ ಮನೆಯಲ್ಲಿ ಅಜ್ಜಿಯನ್ನು ಒಪ್ಪಿಸಿದೆ, ಅಣ್ಣನ ಬಾಯಿ ಮುಚ್ಚಿಸಿದೆ, ಮದುವೆಯ ಮಾತನ್ನು ಮೂರು ವರ್ಷ ಮುಂದೆ ಹಾಕಿದೆ.

ಅರಮನೆಯ ಊರಿನಲ್ಲಿ ಒಂದು ಪಾಠಶಾಲೆ

ಮಹಾರಾಣಿಯ ಕಥೆ ಶುರುವಾಗುವುದು 1881ರಲ್ಲಿ. ಐವತ್ತು ವರ್ಷ ಆಳಿದ ಮೇಲೆ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದ ವರ್ಷ ಅದು. ಅರಮನೆಯ ದರ್ಬಾರ್ ಬಕ್ಷಿಯಾಗಿದ್ದ ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಅರಮನೆ ಬೆನ್ನಿಗೆ ನಿಂತಿತು, ಹೆಸರಿನಲ್ಲಿ ಮಹಾರಾಣಿ ಬಂದರು.

ಹೆಸರು ಬರೀ ಅಲಂಕಾರವಾಗಿರಲಿಲ್ಲ. ಮೇಲುಜಾತಿಯ ಮನೆಗಳು ಮಗಳನ್ನು ಬೀದಿಗೆ ಕಳಿಸಲು ಹಿಂಜರಿಯುತ್ತಿದ್ದ ಕಾಲ. ಅರಮನೆಯೇ ನಡೆಸುವ ಶಾಲೆ, ಮಹಾರಾಣಿಯವರ ಹೆಸರಿನ ಶಾಲೆ ಎಂದರೆ ಮನೆಯ ಹಿರಿಯರಿಗೆ ಎದುರಾಡುವುದು ಕಷ್ಟ. ಪಾಠದ ಜೊತೆ ಸಂಗೀತ, ಸಂಸ್ಕೃತ ಎರಡೂ ಇದ್ದವು. ಇವೆಲ್ಲ ಮನೆಯವರನ್ನು ಒಪ್ಪಿಸುವ ದಾರಿಗಳು. ಅಂದಿನವರು ಹುಡುಗಿಗೆ ಮೊದಲು ಅಪ್ಪಣೆ ಸಂಪಾದಿಸಿಕೊಟ್ಟು, ಆಮೇಲೆ ಅಕ್ಷರ ಕಲಿಸಿದರು.

ಆ ಅಪ್ಪಣೆ ಎಷ್ಟು ಇಕ್ಕಟ್ಟಿನದಾಗಿತ್ತು ಎಂದು ತಿಳಿಯಲು ಒಂದು ಕಾನೂನನ್ನು ನೋಡಿದರೆ ಸಾಕು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಮಾಡಬಾರದು ಎಂದು ಮೈಸೂರು ಸರ್ಕಾರ 1894ರಲ್ಲಿ ಶಾಸನ ತಂದಿತು. ಎಂಟು ವರ್ಷ! ಅಷ್ಟು ಮಾಡಲಿಕ್ಕೇ ಸರ್ಕಾರ ಧೈರ್ಯ ತಂದುಕೊಳ್ಳಬೇಕಾಗಿದ್ದ ನಾಡಿನಲ್ಲಿ ಹದಿನಾರು, ಹದಿನೇಳರ ಹುಡುಗಿ ಪುಸ್ತಕ ಹಿಡಿದು ಕೂರುವುದೆಂದರೆ ಅದೊಂದು ದೊಡ್ಡ ಸಂಗತಿಯೇ.

ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಜ ಚಾಮರಾಜ ಒಡೆಯರು ಕೋಲ್ಕತ್ತದಲ್ಲಿ ತೀರಿಕೊಂಡರು. ಮಗ ಕೃಷ್ಣರಾಜ ಇನ್ನೂ ಬಾಲಕ. ಇಪ್ಪತ್ತೆಂಟರ ಆಸುಪಾಸಿನಲ್ಲಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ, ಅಂದರೆ ವಾಣಿವಿಲಾಸ ಸನ್ನಿಧಾನದವರು, 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯಭಾರ ಮಾಡಿದರು. ಗಂಡ ಸತ್ತ ಹೆಣ್ಣನ್ನು ಕತ್ತಲ ಕೋಣೆಗೆ ಸೇರಿಸುತ್ತಿದ್ದ ಸಮಾಜದ ತಲೆಯ ಮೇಲೆ ಒಬ್ಬ ವಿಧವೆ ಸಿಂಹಾಸನದ ಹೊಣೆ ಹೊತ್ತು ಕೂತಿದ್ದರು. ಮಹಾರಾಣಿ ಶಾಲೆಯಲ್ಲಿ ವಿಧವೆಯರಿಗೆ ಶಿಕ್ಷಕಿಯಾಗುವ ತರಬೇತಿ ಕೊಡುವ ಏರ್ಪಾಡು ಬೆಳೆದದ್ದನ್ನು ಇದರ ಜೊತೆಗಿಟ್ಟೇ ಓದಬೇಕು ಎಂದು ನನಗನ್ನಿಸುತ್ತದೆ. ತಲೆ ಬೋಳಿಸಿಕೊಂಡು ಮೂಲೆ ಹಿಡಿಯಬೇಕಾಗಿದ್ದವರ ಕೈಗೆ ಚಾಕ್‌ಪೀಸು ಬಂತು, ತಿಂಗಳ ಸಂಬಳ ಬಂತು.

ಠಾಕೂರರ ಮನೆಯಿಂದ ಬಂದ ಟೀಚರ್

1890ರ ದಶಕದ ನಡುವೆ ಈ ಶಾಲೆಗೆ ಒಬ್ಬ ಹೊಸ ಶಿಕ್ಷಕಿ ಬಂದರು. ಹೆಸರು ಸರಳಾದೇವಿ ಘೋಷಾಲ್. ರವೀಂದ್ರನಾಥ ಠಾಕೂರರ ಅಕ್ಕ, ಲೇಖಕಿ ಸ್ವರ್ಣಕುಮಾರಿ ದೇವಿಯವರ ಮಗಳು. ಕೋಲ್ಕತ್ತದ ಬೆಥೂನ್ ಕಾಲೇಜಿನಲ್ಲಿ ಓದಿ 1890ರಲ್ಲಿ ಬಿ.ಎ. ಮಾಡಿದವರು, ಪದ್ಮಾವತಿ ಚಿನ್ನದ ಪದಕ ಪಡೆದವರು.

ಹಣಕ್ಕೆ ಕೊರತೆಯಿಲ್ಲದ ಮನೆ. ಆದರೂ ಸ್ವಂತ ದುಡಿಮೆಯಲ್ಲಿ ಬದುಕಿ ನೋಡಬೇಕೆಂಬ ಹಟ. ಮದುವೆಯಾಗದ, ಇಪ್ಪತ್ಮೂರರ ಆಜುಬಾಜಿನ ಹುಡುಗಿ ಬಂಗಾಳದಿಂದ ಇಷ್ಟು ದೂರ ಬಂದು ಮನೆ ಮಾಡಿಕೊಂಡರು. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಓದಿದವರು ಹೆಣ್ಣುಮಕ್ಕಳ ಇನ್ನೊಂದು ಶಾಲೆಗೆ ಟೀಚರ್ ಆಗಿ ಹೋಗುವುದು ಇಂದು ಸಾಮಾನ್ಯ. ಅಂದು ಆ ದಾರಿ ಇನ್ನೂ ಸವೆದಿರಲಿಲ್ಲ.

ಮೈಸೂರಿನಲ್ಲಿ ಅವರು ಬಹಳ ಕಾಲ ಉಳಿಯಲಿಲ್ಲ. ಒಂದು ರಾತ್ರಿ ಯಾರೋ ಮನೆಗೆ ನುಗ್ಗಿದ ಘಟನೆ ನಡೆಯಿತು. ಆಮೇಲೆ ಅವರು ಕೋಲ್ಕತ್ತಕ್ಕೆ ಮರಳಿದರು. ಇಲ್ಲಿ ಕೇಳಿ ಕಲಿತ ದಕ್ಷಿಣದ ರಾಗಗಳನ್ನು ಸೋದರಮಾವನಿಗೆ ಒಪ್ಪಿಸಿದರು, ರವೀಂದ್ರರು ಅಂಥ ಧಾಟಿಗಳ ಮೇಲೆ ಹಾಡು ಕಟ್ಟಿದರು. 1910ರಲ್ಲಿ ಸರಳಾದೇವಿ ಭಾರತ ಸ್ತ್ರೀ ಮಹಾಮಂಡಲ ಎಂಬ ಮಹಿಳಾ ಸಂಘಟನೆಯನ್ನು ಕಟ್ಟಿದರು.

ಆ ರಾತ್ರಿಯ ಘಟನೆ ನನ್ನನ್ನು ಕಾಡುತ್ತದೆ. ಒಳಗೆ ನುಗ್ಗಿದವನು ಬೇರೆ, ಊರು ಬಿಡಬೇಕಾದವರು ಬೇರೆ. ಇಂದು ಗೇಟಿನ ಬಳಿ ಅಪ್ಪಂದಿರು ಕೇಳುವ ಪ್ರಶ್ನೆಯ ಬೇರು ಇಲ್ಲಿದೆ. ತಪ್ಪು ಯಾರದೇ ಆಗಲಿ, ಓದು ನಿಲ್ಲುವುದು ಹುಡುಗಿಯದೇ ಎಂಬುದು ಅವರಿಗೂ ಗೊತ್ತು.

ಹೊಸ ಶತಮಾನ ಹುಟ್ಟುವ ಹೊತ್ತಿಗೆ ಶಾಲೆಯ ಜೊತೆ ಕಾಲೇಜು ತರಗತಿಗಳೂ ಸೇರಿದವು. ಮೈಸೂರು ವಿಶ್ವವಿದ್ಯಾನಿಲಯ ಆಗಿನ್ನೂ ಇರಲಿಲ್ಲ, ಅದು ಹುಟ್ಟಿದ್ದು 1916ರಲ್ಲಿ. ಪರೀಕ್ಷೆ ಮದ್ರಾಸು ವಿಶ್ವವಿದ್ಯಾನಿಲಯದ್ದು. ಹಾಗೆ ಓದಿ ಬಿ.ಎ. ಮುಗಿಸಿದ ಕೆ.ಡಿ. ರುಕ್ಮಿಣಿಯಮ್ಮ, ಶ್ರೀರಂಗಮ್ಮ ಅವರ ಹೆಸರುಗಳು ಸಂಸ್ಥಾನದ ಮೊದಲ ಪದವೀಧರೆಯರ ಸಾಲಿನಲ್ಲಿವೆ.

ಬಾಕ್ಸ್: ಕೋಲ್ಕತ್ತ ಮೊದಲು, ಕೇಂಬ್ರಿಜ್ ಆಮೇಲೆ

1849ರಲ್ಲಿ ಬಾಲಕಿಯರ ಶಾಲೆಯಾಗಿ ಶುರುವಾದ ಬೆಥೂನ್ 1879ರಲ್ಲಿ ಕಾಲೇಜಾಯಿತು. ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಇಲ್ಲಿಂದ 1883ರಲ್ಲಿ ಪದವಿ ಪಡೆದು ದೇಶದ ಮೊದಲ ಪದವೀಧರೆಯರಾದರು. ಕಾದಂಬಿನಿ ಮುಂದೆ ವೈದ್ಯೆಯಾದರು, ಚಂದ್ರಮುಖಿ ಅದೇ ಕಾಲೇಜಿನ ಪ್ರಾಂಶುಪಾಲರಾದರು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಟ್ಟದ್ದು 1920ರಿಂದ. ಕೇಂಬ್ರಿಜ್‌ಗೆ ಸೇರಿದ ಗರ್ಟನ್ ಎಂಬ ಮಹಿಳಾ ಕಾಲೇಜು 1869ರಲ್ಲೇ ಶುರುವಾಗಿದ್ದರೂ, ಕೇಂಬ್ರಿಜ್ ತನ್ನ ವಿದ್ಯಾರ್ಥಿನಿಯರಿಗೆ ಪೂರ್ಣ ಪದವಿ ಕೊಡಲು 1948ರವರೆಗೆ ಕಾಯಿಸಿತು.

ಕರಾವಳಿಯಿಂದ ಬೆಂಗಳೂರಿಗೆ

ಮಂಗಳೂರಿನಲ್ಲಿ ಹುಡುಗರಿಗೆ ಕಾಲೇಜುಗಳು ಹತ್ತೊಂಬತ್ತನೇ ಶತಮಾನದಲ್ಲೇ ಇದ್ದವು. ಹುಡುಗಿಯರಿಗೆ ಬಾಗಿಲು ತೆರೆದದ್ದು 1921ರಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಮದರ್ ಅಲೋಶಿಯಾ ಕಟ್ಟಿದ ಸೇಂಟ್ ಆಗ್ನೆಸ್. ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು ಅದು. ಬೆಂದೂರಿನ ಆ ಆವರಣದಲ್ಲಿ ಕ್ರೈಸ್ತ, ಬ್ರಾಹ್ಮಣ, ಬಂಟ, ಬಿಲ್ಲವ, ಮುಸ್ಲಿಂ ಮನೆಗಳ ಹುಡುಗಿಯರು ಪಕ್ಕಪಕ್ಕ ಕೂತರು. ಅವರ ಮನೆಗಳವರು ಒಬ್ಬರ ಅಡುಗೆ ಮನೆಗೆ ಇನ್ನೊಬ್ಬರು ಕಾಲಿಡದ ಕಾಲದಲ್ಲೂ ತರಗತಿಯಲ್ಲಿ ಬೆಂಚು ಒಂದೇ ಆಗಿತ್ತು.

ಬೆಂಗಳೂರಿನ ಮಹಾರಾಣಿ ಕಾಲೇಜು 1938ರದು, ಮೌಂಟ್ ಕಾರ್ಮೆಲ್ 1948ರದು. ಸ್ವಾತಂತ್ರ್ಯದ ನಂತರ ಬಡಾವಣೆಗಳು ಬೆಳೆದಂತೆ ಮಧ್ಯಮವರ್ಗದ ಮನೆಗಳ ಹತ್ತಿರಕ್ಕೇ ಕಾಲೇಜುಗಳು ಬಂದವು. ಮಲ್ಲೇಶ್ವರದ ಮಹಾರಾಣಿ ಲಕ್ಷ್ಮಿ ಅಮ್ಮಣ್ಣಿ 1972ರಲ್ಲಿ, ಜಯನಗರದ ಎನ್‌ಎಂಕೆಆರ್‌ವಿ ಮರುವರ್ಷ.

ಇದೇ ಹೊತ್ತಿಗೆ ಸಹಶಿಕ್ಷಣದ ಕಾಲೇಜುಗಳಲ್ಲಿ ಹುಡುಗಿಯರ ಪಾಡು ಹೇಗಿತ್ತು? 1960ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ಸುಧಾ ಮೂರ್ತಿ ಆ ಕಥೆಯನ್ನು ಹಲವು ಸಲ ಹೇಳಿದ್ದಾರೆ. ತರಗತಿಗೆಲ್ಲ ಒಬ್ಬರೇ ಹುಡುಗಿ. ಸೀರೆಯಲ್ಲೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಎಂಬ ಷರತ್ತುಗಳು. ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ.

ಅವರು ಗೆದ್ದರು, ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಓದಲಿಕ್ಕೆ ಬಂದ ಪ್ರತಿ ಹುಡುಗಿಯೂ ಅಷ್ಟು ಗಟ್ಟಿಯಾಗಿರಬೇಕೆಂದು ಯಾಕೆ ಕೇಳಬೇಕು? ಸಾಧಾರಣ ಬುದ್ಧಿಯ, ಸಾಧಾರಣ ಧೈರ್ಯದ, ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ತಡೆದುಕೊಳ್ಳಲಾರದ ಹುಡುಗಿಗೂ ಡಿಗ್ರಿ ಬೇಡವೇ? ಮಹಿಳಾ ಕಾಲೇಜು ಹುಟ್ಟಿದ್ದು ಅವಳಿಗಾಗಿ.

ದುರ್ಯೋಧನನಿಗೆ ಕಾಡಿಗೆಯ ಮೀಸೆ

ಹೊರಗಿನವರು ಮಹಿಳಾ ಕಾಲೇಜನ್ನು ನೋಡುವುದು ಇಲ್ಲದಿರುವುದರ ಲೆಕ್ಕದಲ್ಲಿ. ಅಲ್ಲಿ ಹುಡುಗರಿಲ್ಲ, ಅಷ್ಟೆ. ನಾನೂ ಅಂಥದೊಂದು ಕಾಲೇಜಿನಲ್ಲಿ ಓದಿದವಳು. ಒಳಗೆ ಇದ್ದದ್ದು ಏನು ಎಂದು ಯಾರೂ ಕೇಳುವುದಿಲ್ಲ.

ಕೆಲಸ ಇತ್ತು. ಕಾಲೇಜ್ ಡೇಗೆ ಸ್ಟೇಜಿನ ಮೇಲೆ ಮೇಜು ಎತ್ತಿಡಬೇಕಾದರೆ ನಾವೇ ಎತ್ತಬೇಕು. ಮೈಕು ಕೈಕೊಟ್ಟರೆ ವೈರು ಎಲ್ಲಿ ಸಡಿಲವಾಗಿದೆ ಎಂದು ನಾವೇ ಹುಡುಕಬೇಕು. ಶಾಮಿಯಾನದವನ ಹತ್ತಿರ ಚೌಕಾಶಿ, ಪ್ರಿಂಟಿಂಗ್ ಪ್ರೆಸ್ಸಿನವನ ಹತ್ತಿರ ಜಗಳ, ಚಂದಾ ಹಣದ ಲೆಕ್ಕ ಎಲ್ಲ ನಮ್ಮದೇ. ಸಹಶಿಕ್ಷಣದ ಕಾಲೇಜಿನಲ್ಲಿದ್ದ ನನ್ನ ಗೆಳತಿಗೆ ಅದೇ ವಾರ ಸಿಕ್ಕಿದ್ದು ರಂಗೋಲಿಯ ಜವಾಬ್ದಾರಿ ಮತ್ತು ಅತಿಥಿಗೆ ಹೂಗುಚ್ಛ ಕೊಡುವ ಕೆಲಸ.

ನಾಟಕವೆಂದರೆ ಇನ್ನೊಂದು ಲೋಕ. ಗದಾಯುದ್ಧ ಆಡಿದರೆ ದುರ್ಯೋಧನನೂ ಹುಡುಗಿ, ಭೀಮನೂ ಹುಡುಗಿ. ಕಾಡಿಗೆಯಲ್ಲಿ ಬರೆದ ಮೀಸೆ ಬೆವರಿಗೆ ಇಳಿದು ಗಲ್ಲಕ್ಕೆ ಬಂದರೂ ಗದೆ ತಿರುಗಿಸುವುದು ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಗಟ್ಟಿಯಾಗಿ ನಕ್ಕರೆ ಬೈಸಿಕೊಳ್ಳುವ ಹುಡುಗಿ ಅಲ್ಲಿ ತೊಡೆ ತಟ್ಟಿ ಅಬ್ಬರಿಸುತ್ತಿದ್ದಳು. ಆ ಗಂಟಲು ಅಷ್ಟು ದೊಡ್ಡದಿದೆ ಎಂದು ಅವಳಿಗೂ ಅಂದೇ ಗೊತ್ತಾಗುತ್ತಿತ್ತು. ಮುಂದೆ ತಾಲ್ಲೂಕು ಕಚೇರಿಯ ಕೌಂಟರಿನ ಮುಂದೆ, ಮಗುವಿನ ಶಾಲೆಯ ಮೀಟಿಂಗಿನಲ್ಲಿ, ಬ್ಯಾಂಕ್ ಮ್ಯಾನೇಜರನ ಎದುರು ಆ ಗಂಟಲು ಕೆಲಸಕ್ಕೆ ಬಂದಿದೆ.

ತರಗತಿಯಲ್ಲಿ ಮೊದಲ ಬೆಂಚೂ ಹುಡುಗಿಯರದೇ, ಕೊನೆಯ ಬೆಂಚೂ ಹುಡುಗಿಯರದೇ. ರ್‍ಯಾಂಕ್ ಬರುವವಳೂ ಇರುತ್ತಾಳೆ, ಅಟೆಂಡೆನ್ಸ್ ಕೊಟ್ಟು ಕಿಟಕಿಯಿಂದ ಹಾರುವವಳೂ ಇರುತ್ತಾಳೆ. ದಡ್ಡಿಯಾಗುವ, ತಂಟೆ ಮಾಡುವ, ಅರ್ಥವಾಗದ್ದನ್ನು ನಾಲ್ಕು ಸಲ ಕೇಳುವ ಸ್ವಾತಂತ್ರ್ಯ ಚಿಕ್ಕದಲ್ಲ. ‘ಹುಡುಗೀರು ಹೀಗೇ’ ಎಂದು ಯಾರೂ ಅನ್ನಲಾರರು. ನಲವತ್ತು ಹುಡುಗಿಯರಿದ್ದರೆ ನಲವತ್ತು ಥರ ಇರುತ್ತಾರೆ.

ಲ್ಯಾಬಿನಲ್ಲೂ ಹಾಗೆಯೇ. ಬ್ಯೂರೆಟ್ಟು ಹಿಡಿಯುವವಳು ಒಬ್ಬಳು, ರೀಡಿಂಗ್ ಬರೆದುಕೊಳ್ಳುವವಳು ಇನ್ನೊಬ್ಬಳು. ಮುಂದಿನ ವಾರ ಕೆಲಸ ಅದಲುಬದಲು. ಗಂಡು-ಹೆಣ್ಣು ಬೆರೆತ ಬ್ಯಾಚುಗಳಲ್ಲಿ ರೀಡಿಂಗ್ ಬರೆಯುವ ಕೆಲಸ ಯಾರ ಪಾಲಿಗೆ ಬೀಳುತ್ತದೆ ಎಂದು ವಿಜ್ಞಾನ ಓದಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ.

ಇನ್ನೊಂದು ಸಂಗತಿಯನ್ನು ನಾವು ಆಗ ಗಮನಿಸಿರಲೇ ಇಲ್ಲ. ಪ್ರಿನ್ಸಿಪಾಲರ ಕುರ್ಚಿಯಲ್ಲಿ ಹೆಂಗಸು, ಫಿಸಿಕ್ಸ್ ಹೆಚ್‌ಓಡಿ ಹೆಂಗಸು, ಟೈಮ್ ಟೇಬಲ್ ಹಾಕುವವರು, ಕಡತಕ್ಕೆ ಸಹಿ ಮಾಡುವವರು ಹೆಂಗಸರು. ಹದಿನೆಂಟರ ವಯಸ್ಸಿನಲ್ಲಿ ದಿನಾ ಕಣ್ಣಿಗೆ ಬಿದ್ದದ್ದು ಸಹಜವಾಗಿಬಿಡುತ್ತದೆ. ಅಧಿಕಾರದ ಕುರ್ಚಿಯಲ್ಲಿ ಹೆಂಗಸನ್ನು ಕಂಡು ಹುಬ್ಬೇರಿಸುವವರು ಇದ್ದಾರೆಂದು ನಮಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ.

ಬಾಕ್ಸ್: ಕಾಲೇಜಿನೊಳಗೊಂದು ಹೆಣ್ಣಿನ ಮ್ಯೂಸಿಯಂ

ಎನ್‌ಎಂಕೆಆರ್‌ವಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಲೇಖಕಿ ಸಿ.ಎನ್. ಮಂಗಳಾ ಅವರು ಕಾಲೇಜಿನಲ್ಲೇ ‘ಶಾಶ್ವತಿ’ ಎಂಬ ಮಹಿಳಾ ಅಧ್ಯಯನ ಕೇಂದ್ರ ಮತ್ತು ವಸ್ತುಸಂಗ್ರಹಾಲಯ ಕಟ್ಟಿದರು. ಅಡುಗೆ ಮನೆಯ ಪಾತ್ರೆ-ಪರಡಿ, ಕಸೂತಿ, ಆಟದ ಸಾಮಾನು ಮುಂತಾಗಿ ಹೆಂಗಸರ ಕೈ ಹಿಡಿದ ವಸ್ತುಗಳಿಗೆ ಇತಿಹಾಸದ ಮರ್ಯಾದೆ ಸಿಕ್ಕ ಜಾಗ ಅದು.

ಲೇಖಕಿಯರಿಗೆ ‘ಶಾಶ್ವತಿ’ ಕೊಡುವ ಪ್ರಶಸ್ತಿ ನಂಜನಗೂಡು ತಿರುಮಲಾಂಬ ಅವರ ಹೆಸರಿನದು. ಬಾಲ್ಯದಲ್ಲೇ ವಿಧವೆಯಾಗಿ, ಮನೆಯಲ್ಲೇ ಓದು ಕಲಿತು, ಕಾದಂಬರಿ ಬರೆದು, ಪತ್ರಿಕೆ ನಡೆಸಿದ ತಿರುಮಲಾಂಬ ಅವರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಅವಕಾಶ ಸಿಕ್ಕಿರಲಿಲ್ಲ.

ಗೇಟು ಎರಡೂ ಕಡೆಗೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಹೊರಗಿನವರನ್ನು ತಡೆಯಲು ಹಾಕಿದ ಗೇಟು ಒಳಗಿನವರನ್ನೂ ತಡೆಯುತ್ತದೆ. ಹಾಸ್ಟೆಲ್ಲಿಗೆ ಸಂಜೆಯೇ ಬೀಗ. ಲೈಬ್ರರಿ ಎಂಟರವರೆಗೆ ತೆರೆದಿದ್ದರೂ ಹುಡುಗಿಗೆ ಅದು ಆರಕ್ಕೇ ಮುಚ್ಚಿದಂತೆ. ದುಪಟ್ಟಾ ಹೇಗೆ ಹಾಕಬೇಕು, ಮೊಬೈಲು ಎಲ್ಲಿಡಬೇಕು, ಭಾನುವಾರ ಯಾರ ಜೊತೆ ಹೊರಗೆ ಹೋಗಬಹುದು ಎಂಬ ನಿಯಮಗಳ ಪಟ್ಟಿ ಸಿಲಬಸ್ಸಿಗಿಂತ ಉದ್ದ ಇರುವ ಕಾಲೇಜುಗಳಿವೆ. ಹದಿನೆಂಟು ತುಂಬಿ ವೋಟು ಹಾಕುವ ಹೆಣ್ಣುಮಗಳು ಹೊರಗೆ ಹೋಗಲು ಮನೆಯಿಂದ ಪತ್ರ ತರಬೇಕು. ಇದನ್ನು ಶಿಸ್ತು ಎಂದು ಕರೆಯಲು ನನಗೆ ಮನಸ್ಸಿಲ್ಲ.

2022ರಲ್ಲಿ ಉಡುಪಿಯಲ್ಲಿ ನಡೆದದ್ದು ಇದರ ತೀರಾ ನೋವಿನ ರೂಪ. ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ಕೆಲವು ವಿದ್ಯಾರ್ಥಿನಿಯರು ತರಗತಿಯ ಹೊರಗೆ ಉಳಿಯಬೇಕಾಯಿತು. ವಿವಾದ ರಾಜ್ಯದ ಬೇರೆ ಕಾಲೇಜುಗಳಿಗೂ ಹಬ್ಬಿತು. ಮಾರ್ಚ್ 15ರಂದು ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗಿಂತ ಒಬ್ಬರು ಬೇರೆಯಾದ ತೀರ್ಪು ಕೊಟ್ಟರು.

ಕಾನೂನಿನ ವಾದ ಒಂದು ಕಡೆ ಇರಲಿ. ಕಾಲೇಜು ಬಿಟ್ಟ, ಪರೀಕ್ಷೆ ಕಳೆದುಕೊಂಡ ಹುಡುಗಿಯರ ಬಗ್ಗೆ ಮಾತ್ರ ನನಗೆ ಹೇಳಲಿಕ್ಕಿದೆ. ಬಾಲಕಿಯರ ಕಾಲೇಜು ಎಂಬ ಕಾರಣಕ್ಕೇ ಕಳಿಸಿಕೊಟ್ಟ ಮನೆಗಳೂ ಅವರಲ್ಲಿದ್ದವು. ಅಂಥ ಮನೆಯ ಮಗಳಿಗೆ ಈ ಗೇಟು ಮುಚ್ಚಿದರೆ ತೆರೆಯಲು ಇನ್ನೊಂದು ಗೇಟಿರುವುದಿಲ್ಲ. ಅವಳು ಏನು ಉಡಬೇಕೆಂದು ಮನೆ ಹೇಳಲಿ, ಕಾಲೇಜು ಹೇಳಲಿ, ಬೀದಿ ಹೇಳಲಿ, ಕೊನೆಗೆ ಮನೆಯಲ್ಲಿ ಕೂರುವವಳು ಅವಳೇ.

ಬೇಕೇ, ಇನ್ನೂ?

ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾಲವೇ ಒಂದು ಉತ್ತರ ಕೊಟ್ಟಿದೆ. 1960ರ ಸುಮಾರಿಗೆ ಅಲ್ಲಿ ಇನ್ನೂರಕ್ಕೂ ಹೆಚ್ಚು ಮಹಿಳಾ ಕಾಲೇಜುಗಳಿದ್ದವು, ಇಂದು ಉಳಿದಿರುವುದು ಮೂವತ್ತರ ಆಸುಪಾಸು. ವಾಸರ್ ಕಾಲೇಜು 1969ರಲ್ಲಿ ಹುಡುಗರನ್ನು ಸೇರಿಸಿಕೊಂಡಿತು. ಗಂಡಸರಿಗೇ ಮೀಸಲಾಗಿದ್ದ ದೊಡ್ಡ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ತೆರೆದುಕೊಂಡವು, ಹುಡುಗಿಯರು ಅತ್ತ ನಡೆದರು. 2015ರಲ್ಲಿ ಮುಚ್ಚಲು ಹೊರಟಿದ್ದ ಸ್ವೀಟ್ ಬ್ರಯರ್ ಕಾಲೇಜನ್ನು ಹಳೆಯ ವಿದ್ಯಾರ್ಥಿನಿಯರೇ ಹಣ ಕೂಡಿಸಿ, ಕೋರ್ಟಿಗೆ ಹೋಗಿ ಉಳಿಸಿಕೊಂಡರು.

ಬೇರೆಯಾಗಿ ಓದಿದರೆ ಹೆಚ್ಚು ಕಲಿಯುತ್ತಾರೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳನ್ನು ಹೈಸ್ಕೂಲುಗಳಿಗೆ ಚೀಟಿ ಎತ್ತಿದಂತೆ ಹಂಚುತ್ತಿದ್ದುದರಿಂದ ಅಲ್ಲಿನ ಅಂಕಿಅಂಶಕ್ಕೆ ವಿಶೇಷ ಬೆಲೆಯಿದೆ. ಪ್ರತ್ಯೇಕ ಶಾಲೆಯ ಮಕ್ಕಳು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಮುಂದಿದ್ದರೆಂದು 2013ರ ಅಧ್ಯಯನವೊಂದು ತೋರಿಸಿತು. ಅದಕ್ಕೆ ಎರಡು ವರ್ಷ ಮೊದಲು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಮನಶ್ಶಾಸ್ತ್ರಜ್ಞರು, ಇಂಥ ಪ್ರತ್ಯೇಕ ಶಿಕ್ಷಣಕ್ಕೆ ಗಟ್ಟಿ ಆಧಾರವಿಲ್ಲ, ಅದು ಗಂಡು-ಹೆಣ್ಣಿನ ಕುರಿತ ಪೂರ್ವಗ್ರಹವನ್ನೇ ಬೆಳೆಸುತ್ತದೆ ಎಂದಿದ್ದರು.

ನಮ್ಮಲ್ಲೂ ಗಾಳಿ ಬದಲಾಗುತ್ತಿದೆ. ಮೌಂಟ್ ಕಾರ್ಮೆಲ್ ಈಚಿನ ವರ್ಷಗಳಲ್ಲಿ ಹುಡುಗರನ್ನೂ ಸೇರಿಸಿಕೊಳ್ಳಲು ಶುರುಮಾಡಿದೆ. ಬೆಂಗಳೂರಿನ ಹುಡುಗಿಗೆ ಹತ್ತು ಆಯ್ಕೆಗಳಿವೆ. ಅವಳು ಮಹಿಳಾ ಕಾಲೇಜು ಬೇಡವೆಂದರೆ ಅದು ಅವಳ ಇಷ್ಟ.

ಆದರೆ ಬೆಂಗಳೂರನ್ನು ನೋಡಿ ಸಿಂಧನೂರಿನ ಬಗ್ಗೆ ತೀರ್ಮಾನ ಮಾಡಬಾರದು. ಹತ್ತು ಕಾಲೇಜುಗಳಲ್ಲಿ ಒಂದನ್ನು ಆರಿಸುವವಳ ಪ್ರಶ್ನೆ ಬೇರೆ, ಕಾಲೇಜು ಅಥವಾ ಮದುವೆ ಎಂಬ ಎರಡರ ನಡುವೆ ನಿಂತವಳ ಪ್ರಶ್ನೆ ಬೇರೆ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಕಾಲೇಜು ವಿದ್ಯಾರ್ಥಿಗಳು 4.33 ಕೋಟಿ, ಅದರಲ್ಲಿ ಹೆಣ್ಣುಮಕ್ಕಳು 2.07 ಕೋಟಿ. ಆ ವಯಸ್ಸಿನ ಜನಸಂಖ್ಯೆಗೆ ಹೋಲಿಸಿದ ದಾಖಲಾತಿ ಅನುಪಾತದಲ್ಲಿ ಹುಡುಗಿಯರು 28.5, ಹುಡುಗರು 28.3. ಕೂದಲೆಳೆಯ ಅಂತರವಾದರೂ ಹುಡುಗಿಯರು ಮುಂದೆ. ದೇಶದ ಕಾಲೇಜುಗಳಲ್ಲಿ ಸುಮಾರು ಹತ್ತಕ್ಕೆ ಒಂದು ಹೆಣ್ಣುಮಕ್ಕಳಿಗೇ ಮೀಸಲು. ಈ ಮುನ್ನಡೆಯಲ್ಲಿ ಆ ಹತ್ತನೆಯ ಕಾಲೇಜುಗಳ ಪಾಲನ್ನು ಮರೆಯಲಾಗದು.

ಬಾಕ್ಸ್: ಅಕ್ಕನ ಹೆಸರಿನ ವಿಶ್ವವಿದ್ಯಾನಿಲಯ

ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾನಿಲಯ 2003ರಲ್ಲಿ ವಿಜಯಪುರದಲ್ಲಿ ಆರಂಭವಾಯಿತು. ಆವರಣ ಊರಾಚೆಯ ತೊರವಿಯಲ್ಲಿ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಉತ್ತರ ಕರ್ನಾಟಕದ ಜಿಲ್ಲೆಗಳ ನೂರಕ್ಕೂ ಹೆಚ್ಚು ಮಹಿಳಾ ಕಾಲೇಜುಗಳು ಅದರ ತೆಕ್ಕೆಯಲ್ಲಿವೆ. ಹನ್ನೆರಡನೆಯ ಶತಮಾನದಲ್ಲಿ ಅರಮನೆಯ ಬಾಗಿಲು ದಾಟಿ ಒಬ್ಬಳೇ ನಡೆದ ಅಕ್ಕನ ಹೆಸರು ಇಂದು ಆ ಭಾಗದ ಹುಡುಗಿಯರ ಡಿಗ್ರಿ ಸರ್ಟಿಫಿಕೇಟಿನ ಮೇಲಿದೆ.

ಬಸ್ಸು ಬಂತು, ಲ್ಯಾಬ್ ಬರಲಿ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದರ ಖರ್ಚು-ವೆಚ್ಚದ ಚರ್ಚೆ ಏನೇ ಇರಲಿ, ಕಾಲೇಜು ಹುಡುಗಿಯ ಪಾಲಿಗೆ ಬದಲಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ಊರಿಗೆ ಹತ್ತಿರದ ಕಾಲೇಜೇ ಅವಳ ಕಾಲೇಜು. ಅಲ್ಲಿ ಬಿ.ಎ. ಮಾತ್ರ ಇದ್ದರೆ ಬಿ.ಎ. ಓದಬೇಕು. ಈಗ ನಲವತ್ತು ಕಿಲೋಮೀಟರ್ ಆಚೆಯ ಬಿ.ಎಸ್ಸಿ.ಯ ಬಗ್ಗೆ ಮನೆಯಲ್ಲಿ ಮಾತೆತ್ತಬಹುದು. ‘ಬಸ್ ಚಾರ್ಜು ಎಲ್ಲಿಂದ ತರೋಣ’ ಎಂಬ ಕೊನೆಯ ಅಡ್ಡಿ ಹೋಗಿದೆ.

ಆದರೆ ಬಸ್ಸಿಳಿದು ಹೋದ ಕಾಲೇಜಿನಲ್ಲಿ ಏನಿದೆ? ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ಕಂಡ ಕಟ್ಟಡದ ಒಂದು ಭಾಗ 2022ರ ಅಕ್ಟೋಬರಿನಲ್ಲಿ ಕುಸಿದು ಬಿತ್ತು. ಲ್ಯಾಬಿದ್ದ ಜಾಗ ಅದು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. 2025ರ ಜನವರಿಯಲ್ಲಿ ಹಳೆಯ ಕಟ್ಟಡ ಕೆಡಹುವ ಕೆಲಸ ನಡೆದಿದ್ದಾಗ ಮತ್ತೆ ಕುಸಿತವಾಗಿ ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡರು. ರಾಜ್ಯದಲ್ಲಿ ಹೆಣ್ಣುಮಕ್ಕಳ ಓದಿಗೆ ದಾರಿ ತೆರೆದ ಸಂಸ್ಥೆಯ ಗೋಡೆ ಬೀಳುವವರೆಗೆ ನಾವು ಕಾದೆವು. ಪಾರಂಪರಿಕ ಕಟ್ಟಡ ಎಂಬ ಬೋರ್ಡಿಗೆ ತೋರಿಸುವ ಹೆಮ್ಮೆಯಲ್ಲಿ ಸ್ವಲ್ಪವನ್ನು ಸೋರುವ ಸೂರಿಗೆ ತೋರಿಸಿದ್ದರೆ ಸಾಕಿತ್ತು.

ತಾಲ್ಲೂಕು ಕೇಂದ್ರಗಳ ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜುಗಳತ್ತ ಹೋಗಿ ನೋಡಿದರೆ ಇನ್ನೊಂದು ಕೊರತೆ ಕಾಣುತ್ತದೆ. ಹಲವು ಕಡೆ ಬಿ.ಎ., ಬಿ.ಕಾಂ. ಇವೆ, ವಿಜ್ಞಾನ ಇಲ್ಲ. ಇದ್ದರೂ ಲ್ಯಾಬಿನ ಸಾಮಗ್ರಿ ಬೀರುವಿನಲ್ಲಿ. ಪಾಠ ಮಾಡುವವರಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು. ಅವರಲ್ಲಿ ಎಷ್ಟೋ ಮಂದಿ ಇಂಥದೇ ಕಾಲೇಜುಗಳಲ್ಲಿ ಓದಿ ಬಂದ ಹೆಣ್ಣುಮಕ್ಕಳು, ವರ್ಷ ವರ್ಷವೂ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವವರು. ಹುಡುಗಿಯರ ಕಾಲೇಜಿಗೆ ಕಲಾ ವಿಭಾಗ ಸಾಕು ಎಂಬ ಲೆಕ್ಕಾಚಾರ ಎಲ್ಲಿಂದ ಬಂತೋ ಗೊತ್ತಿಲ್ಲ, ಅದನ್ನು ಬದಲಿಸದೆ ಗತಿಯಿಲ್ಲ.

ಬೇಕಾದವುಗಳ ಪಟ್ಟಿ ದೊಡ್ಡದೇನಲ್ಲ. ಪ್ರತಿ ತಾಲ್ಲೂಕಿನ ಮಹಿಳಾ ಕಾಲೇಜಿನಲ್ಲಿ ನಡೆಯುವ ಸ್ಥಿತಿಯ ಒಂದು ಲ್ಯಾಬ್. ನೀರಿರುವ ಶೌಚಾಲಯ. ಓದುವ ಹುಡುಗಿಗೆ ರಾತ್ರಿ ಎಂಟರವರೆಗೆ ಲೈಬ್ರರಿ, ಅಲ್ಲಿಂದ ಹಾಸ್ಟೆಲ್ಲಿನವರೆಗೆ ದೀಪವಿರುವ ದಾರಿ. ಕಾಯಂ ಉಪನ್ಯಾಸಕರು. ಪ್ರಾಕ್ಟಿಕಲ್ ಮುಗಿಸಿ ಸಂಜೆ ಐದೂವರೆಗೆ ಹೊರಬೀಳುವ ಹುಡುಗಿಗೆ ಊರಿಗೆ ಹೋಗಲು ಆರು ಗಂಟೆಗೆ ಒಂದು ಬಸ್ಸು. ಈಗ ಎಷ್ಟೋ ಮಾರ್ಗಗಳಲ್ಲಿ ಕೊನೆಯ ಬಸ್ಸು ಅದಕ್ಕೂ ಮೊದಲೇ ಹೊರಡುತ್ತದೆ, ಹುಡುಗಿ ಪ್ರಾಕ್ಟಿಕಲ್ ಅರ್ಧಕ್ಕೆ ಬಿಟ್ಟು ಓಡುತ್ತಾಳೆ. ಸಾರಿಗೆ ಇಲಾಖೆಯವರು ಮತ್ತು ಪ್ರಾಂಶುಪಾಲರು ಒಂದು ಮಧ್ಯಾಹ್ನ ಎದುರುಬದುರು ಕೂತರೆ ಆ ವೇಳಾಪಟ್ಟಿ ಸರಿಹೋಗುತ್ತದೆ. ಈ ಜೂನಿನಲ್ಲಿ ತರಗತಿ ಶುರುವಾಗುವ ಮೊದಲೇ ಅವರು ಕೂರಲಿ.